ಬ್ರೇಕ್ ಡಿಸ್ಕ್ ಮುಟ್ಟಬೇಡ ಅನ್ನೋರಿಗೆ ನಾಲ್ಕು ಮಾತು

"ಬ್ರೇಕ್ ವಿಷಯ ಕಣಪ್ಪಾ, ಹುಡುಗಾಟ ಅಲ್ಲ. ಸುಮ್ನೆ ಮೆಕ್ಯಾನಿಕ್ ಹತ್ರ ಬಿಡು." ಬೈಕಿನ ಮುಂದಿನ ಡಿಸ್ಕ್ ಮನೆಯಲ್ಲೇ ಬದಲಾಯಿಸ್ತೀನಿ ಅಂತ ಯಾರಿಗೆ ಹೇಳಿದರೂ ಮೊದಲು ಬರುವ ಉತ್ತರ ಇದು. ಹೇಳುವವರು ಒಳ್ಳೆಯವರೇ, ಕಾಳಜಿಯಿಂದಲೇ ಹೇಳುತ್ತಾರೆ. ಆದರೆ ಈ ಮಾತಿನಲ್ಲಿ ಅರ್ಧ ಮಾತ್ರ ಸತ್ಯ. ಬ್ರೇಕ್ ಹುಡುಗಾಟ ಅಲ್ಲ, ಒಪ್ಪಿದೆ. ಹುಡುಗಾಟ ಅಲ್ಲ ಅನ್ನೋ ಕಾರಣಕ್ಕೇ ಅದನ್ನು ಓಡಿಸುವವನೇ ಬಿಚ್ಚಿ ನೋಡಬೇಕು, ಕೈಲಾದರೆ ಅವನೇ ಬದಲಿಸಬೇಕು ಅನ್ನೋದು ನನ್ನ ವಾದ. ಬೈಯುವವರು ಪೂರ್ತಿ ಓದಿ ಆಮೇಲೆ ಬೈಯಿರಿ.

ಮೊದಲು ಲೆಕ್ಕ. ಬೈಕು, ಸವಾರ ಎರಡೂ ಸೇರಿ 210 ಕೆಜಿ ಅಂದುಕೊಳ್ಳಿ. ಗಂಟೆಗೆ 60 ಕಿಮೀ ವೇಗದಿಂದ ಪೂರ್ತಿ ನಿಲ್ಲಬೇಕಾದರೆ ಸುಮಾರು 29 ಕಿಲೋಜೂಲ್ ಶಕ್ತಿ ಬಿಸಿಯಾಗಿ ಕರಗಬೇಕು. ಒಂದು ಬೈಟೂ ಕಾಫಿಗೆ ಬೇಕಾದ ನೀರು ಕುದಿ ಬರುವಷ್ಟು ಶಾಖ ಅದು. ಒಂದೇ ಸಲ ಬ್ರೇಕ್ ಹಿಡಿದದ್ದಕ್ಕೆ! ವೇಗ ಎರಡರಷ್ಟಾದರೆ ಶಾಖ ನಾಲ್ಕರಷ್ಟು. ಗಟ್ಟಿಯಾಗಿ ಬ್ರೇಕ್ ಹಿಡಿದಾಗ ಭಾರವೆಲ್ಲ ಮುಂದಕ್ಕೆ ವಾಲುವುದರಿಂದ ಈ ಶಾಖದಲ್ಲಿ ಹೆಚ್ಚಿನ ಪಾಲು ಹೋಗುವುದು ಮುಂದಿನ ಚಕ್ರದ ಆ ತೆಳ್ಳಗಿನ ಉಕ್ಕಿನ ತಟ್ಟೆಗೆ. ಅದೂ ಎಷ್ಟು ದಪ್ಪ ಅಂತೀರಿ? ನಮ್ಮ 150 ಸಿಸಿ ದರ್ಜೆಯ ಬೈಕುಗಳಲ್ಲಿ ಹೊಸದರಲ್ಲಿ ಸುಮಾರು 4 ಮಿಲಿಮೀಟರ್. ಅರ್ಧ ಮಿಲಿಮೀಟರ್ ಆಸುಪಾಸು ಸವೆದರೆ ಅದರ ಆಯಸ್ಸು ಮುಗಿಯಿತು. ಕನಿಷ್ಠ ಎಷ್ಟು ದಪ್ಪ ಇರಬೇಕು ಅಂತ ಬಹಳಷ್ಟು ಡಿಸ್ಕ್‌ಗಳ ಮೇಲೆಯೇ ಪುಟ್ಟ ಅಕ್ಷರದಲ್ಲಿ ಕೊರೆದಿರುತ್ತಾರೆ. ಡಿಸ್ಕ್ ಬ್ರೇಕ್ ಬೈಕ್ ಓಡಿಸುವ ನಿಮ್ಮ ಹತ್ತು ಗೆಳೆಯರನ್ನು ಕೇಳಿ ನೋಡಿ, ಆ ಅಂಕಿಯನ್ನು ಓದಿದವರು ಎಷ್ಟು ಜನ ಅಂತ.

ಸವೆದ ಡಿಸ್ಕ್ ಬೆಂಗಳೂರಿನ ಸಿಗ್ನಲ್ಲುಗಳ ಮಧ್ಯೆ ಹೆಚ್ಚಿಗೆ ತೊಂದರೆ ಕೊಡದೇ ಇರಬಹುದು. ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿ ಇಳಿಯುವಾಗ ಗೊತ್ತಾಗುತ್ತದೆ ಅದರ ನಿಜರೂಪ. ತೆಳುವಾದ ಡಿಸ್ಕ್ ಬೇಗ ಕಾಯುತ್ತದೆ, ಆ ಬಿಸಿ ಪ್ಯಾಡ್ ಮೂಲಕ ಕ್ಯಾಲಿಪರ್ ಒಳಗಿನ ಆಯಿಲ್‌ಗೆ ದಾಟುತ್ತದೆ. ಡಾಟ್ 4 ದರ್ಜೆಯ ಹೊಸ ಬ್ರೇಕ್ ಆಯಿಲ್ ಕುದಿಯುವುದಕ್ಕೆ ಕನಿಷ್ಠ 230 ಡಿಗ್ರಿ ಬೇಕು. ಆದರೆ ಅದು ಗಾಳಿಯ ತೇವ ಹೀರಿಕೊಳ್ಳುವ ವಸ್ತು. ತೇವ ಕುಡಿದ ಮೇಲೆ ಆ ಮಿತಿ 155ಕ್ಕೆ ಇಳಿಯಬಹುದು. ಆಯಿಲ್ ಕುದ್ದರೆ ಗುಳ್ಳೆ, ಗುಳ್ಳೆ ಬಂದರೆ ಲಿವರ್ ಸೀದಾ ಹ್ಯಾಂಡಲ್‌ಗೆ ಅಂಟುತ್ತದೆ. ಎದುರಿಗೆ ತಿರುವು, ಪಕ್ಕದಲ್ಲಿ ಕಣಿವೆ. ಇಲ್ಲಿ ಪಣಕ್ಕಿಟ್ಟಿರುವುದು ಏನು ಅಂತ ಬೇರೆ ಹೇಳಬೇಕಾ?

ಇನ್ನು ನಮ್ಮವರ ಭಯದ ಕಥೆ. "ಮುಂದಿನ ಬ್ರೇಕ್ ಹಿಡಿಬೇಡ, ಮಗುಚಿ ಬೀಳ್ತೀಯ" ಅಂತ ಕೇಳಿಕೊಂಡೇ ಬೈಕ್ ಕಲಿತವರು ನಾವೆಲ್ಲ. ನಮ್ಮ ಹಿಂದಿನವರು ಬೆಳೆದದ್ದು ಡ್ರಮ್ ಬ್ರೇಕ್ ಮೇಲೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಯೆಜ್ಡಿಗೂ ಡ್ರಮ್ಮೇ, ಆರ್‌ಎಕ್ಸ್ 100ಕ್ಕೂ ಡ್ರಮ್ಮೇ. ಜಪಾನಿನ ಆರ್‌ಡಿ 350ಕ್ಕೆ ಮುಂದೆ ಡಿಸ್ಕ್ ಇತ್ತು. ಅದನ್ನೇ 1983ರಲ್ಲಿ ಎಸ್ಕಾರ್ಟ್ಸ್‌ನವರು ಇಲ್ಲಿ ರಾಜದೂತ್ 350 ಅಂತ ಬಿಟ್ಟಾಗ ಡಿಸ್ಕ್ ಹೋಗಿ ಡ್ರಮ್ ಬಂತು. 1999ರ ಹೀರೋ ಹೋಂಡಾ ಸಿಬಿಜೆಡ್, 2001ರ ಪಲ್ಸರ್ ಇವೆಲ್ಲ ಬಂದ ಮೇಲೆ ತಾನೇ ಮಧ್ಯಮ ವರ್ಗದ ಮನೆಯಂಗಳಕ್ಕೆ ಡಿಸ್ಕ್ ಮೆಲ್ಲಗೆ ಕಾಲಿಟ್ಟದ್ದು? ಬೈಕು ಬದಲಾಯಿತು, ಉಪದೇಶ ಬದಲಾಗಲಿಲ್ಲ.

ತಮಾಷೆ ಏನು ಗೊತ್ತಾ? ಅದೇ ಡ್ರಮ್ ತಲೆಮಾರು ಭಾನುವಾರ ಬೆಳಿಗ್ಗೆ ಅಂಗಳದಲ್ಲಿ ಗೋಣಿಚೀಲ ಹಾಸಿ, ಚಕ್ರ ಬಿಚ್ಚಿ, ಬ್ರೇಕ್ ಶೂ ಬದಲಿಸಿ, ಸ್ಪ್ರಿಂಗ್ ಎಳೆದು ಸಿಕ್ಕಿಸಿ, ಕೇಬಲ್ ಬಿಗಿ ಮಾಡುತ್ತಿತ್ತು. ಅದು ಬ್ರೇಕ್ ಅಲ್ಲವೇನು? ಡ್ರಮ್ ಒಳಗಿನ ಕ್ಯಾಮು, ಸ್ಪ್ರಿಂಗು, ಶೂಗಳಿಗೆ ಹೋಲಿಸಿದರೆ ಡಿಸ್ಕ್ ಬದಲಿಸುವುದು ಸಲೀಸು. ಹೈಡ್ರಾಲಿಕ್ ಪೈಪನ್ನು ಬಿಚ್ಚುವ ಪ್ರಶ್ನೆಯೇ ಬರುವುದಿಲ್ಲ. ಒಂದು ತೊಟ್ಟು ಆಯಿಲ್ ಹೊರಗೆ ಬರಬೇಕಾಗಿಲ್ಲ. ಡಿಸ್ಕ್ ಅನ್ನೋದು ಚಕ್ರದ ಹಬ್‌ಗೆ ನಾಲ್ಕೈದು ಬೋಲ್ಟ್‌ಗಳಲ್ಲಿ ಕೂತ ತಟ್ಟೆ. ಇಷ್ಟನ್ನು ರಾಕೆಟ್ ವಿಜ್ಞಾನ ಮಾಡಿಟ್ಟವರು ಯಾರು?

ಕೆಲಸ ಏನು ಅಂತ ಸ್ವಲ್ಪ ವಿವರವಾಗಿಯೇ ಹೇಳ್ತೀನಿ, ಹೆದರಿಸುವವರು ಇದನ್ನು ಮಾತ್ರ ಹೇಳುವುದಿಲ್ಲ.

ಮೊದಲು ಅಳತೆ. ಬರೀ ವರ್ನಿಯರ್ ಹಿಡಿದರೆ ಮೋಸ ಹೋಗ್ತೀರಿ. ಪ್ಯಾಡ್ ಉಜ್ಜುವ ಜಾಗ ಮಾತ್ರ ಸವೆದು ಅಂಚಿನಲ್ಲಿ ಒಂದು ಏಣು ಉಳಿದಿರುತ್ತದೆ, ವರ್ನಿಯರ್ ಅದರ ಮೇಲೆ ಕೂತು ಹೆಚ್ಚಿಗೆ ತೋರಿಸುತ್ತದೆ. ಮೈಕ್ರೋಮೀಟರ್ ಬೇಕು. ಇಲ್ಲದಿದ್ದರೆ ಒಂದೇ ಥರದ ಎರಡು ನಾಣ್ಯಗಳನ್ನು ಡಿಸ್ಕಿನ ಎರಡೂ ಬದಿಗೆ ಸವೆದ ಜಾಗದಲ್ಲಿ ಇಟ್ಟು ಅಳೆದು, ನಾಣ್ಯಗಳ ದಪ್ಪ ಕಳೆಯಿರಿ. ನಾಲ್ಕಾರು ಕಡೆ ಅಳೆದು ಎಲ್ಲಕ್ಕಿಂತ ಕಡಿಮೆ ಬಂದದ್ದನ್ನು ನಂಬಿ.

ಬದಲಿಸಲೇಬೇಕು ಅಂತಾದರೆ, ಬೈಕು ಅಲ್ಲಾಡದ ಹಾಗೆ ಸೆಂಟರ್ ಸ್ಟ್ಯಾಂಡ್ ಹಾಕಿ ಎಂಜಿನ್ ಕೆಳಗೆ ಆಸರೆ ಕೊಡಿ. ಕ್ಯಾಲಿಪರ್ ಬಿಚ್ಚಿ ದಾರದಲ್ಲಿ ಮೇಲಕ್ಕೆ ಕಟ್ಟಿ, ಪೈಪಿನ ಮೇಲೆ ಜೋತು ಬೀಳಬಾರದು. ಪ್ಯಾಡ್‌ಗಳ ನಡುವೆ ಒಂದು ಮರದ ಚೂರು ಸಿಕ್ಕಿಸಿ. ಡಿಸ್ಕ್ ಇಲ್ಲದಾಗ ಮನೆಯ ಮಕ್ಕಳು ಲಿವರ್ ಒತ್ತಿದರೆ ಪಿಸ್ಟನ್ ಹೊರಗೆ ಬಂದು ಕೆಲಸ ದುಪ್ಪಟ್ಟಾಗುತ್ತದೆ. ಚಕ್ರ ಬಿಚ್ಚಿದ ಮೇಲೆ ಮರದ ತುಂಡುಗಳ ಮೇಲೆ ಮಲಗಿಸಿ, ಡಿಸ್ಕ್ ನೆಲಕ್ಕೆ ತಾಗಬಾರದು. ಎಬಿಎಸ್ ಇದ್ದರೆ ಅದರ ಹಲ್ಲಿನ ಉಂಗುರಕ್ಕೂ ಸೆನ್ಸರ್‌ಗೂ ಪೆಟ್ಟು ಬೀಳದ ಹಾಗೆ ನೋಡಿಕೊಳ್ಳಿ.

ನಿಜವಾದ ಕಷ್ಟ ಇರುವುದು ಡಿಸ್ಕ್ ಬೋಲ್ಟ್‌ಗಳಲ್ಲಿ. ಕಾರ್ಖಾನೆಯಲ್ಲೇ ಅಂಟು ಹಚ್ಚಿ ಕೂರಿಸಿರುತ್ತಾರೆ. ಸಂತೆಯ ಅಗ್ಗದ ಅಲೆನ್ ಕೀ ಹಾಕಿ ತಿರುಗಿಸಿದರೆ ಬೋಲ್ಟಿನ ತಲೆ ದುಂಡಗಾಗುತ್ತದೆ. ತಲೆಯೊಳಗಿನ ಮಣ್ಣು ಕೆದಕಿ, ಹಾಟ್ ಏರ್ ಗನ್ನಿನಿಂದ ಬಿಸಿ ಮಾಡಿ, ಸರಿಯಾದ ಅಳತೆಯ ಬಿಟ್ ತಳದವರೆಗೆ ಕೂರಿಸಿ ತಿರುಗಿಸಿದರೆ ಬರುತ್ತದೆ. ಹಳೆ ಬೋಲ್ಟ್ ಎಸೆದು ಹೊಸದೇ ಹಾಕಿ. ಹೊಸ ಡಿಸ್ಕ್ ಕೂರುವ ಹಬ್ಬಿನ ಮುಖವನ್ನು ತುಕ್ಕು, ಹಳೆ ಅಂಟು ಇಲ್ಲದಂತೆ ಉಜ್ಜಿ. ಒಂದು ಕಣ ತುಕ್ಕು ಅಡಿಯಲ್ಲಿ ಉಳಿದರೂ ಡಿಸ್ಕ್ ಓರೆಯಾಗಿ ತಿರುಗಿ ಲಿವರ್ ನಡುಗುತ್ತದೆ. ಆಮೇಲೆ ಜನ "ಡಿಸ್ಕ್ ಡೂಪ್ಲಿಕೇಟ್" ಅಂತ ಅಂಗಡಿಯವನನ್ನು ಬೈಯುತ್ತಾರೆ. ತಿರುಗುವ ದಿಕ್ಕಿನ ಬಾಣದ ಗುರುತು ಇದ್ದರೆ ನೋಡಿ ಕೂರಿಸಿ. ಬೋಲ್ಟ್‌ಗಳನ್ನು ಎದುರುಬದುರಾಗಿ, ಹಂತಹಂತವಾಗಿ, ನಿಮ್ಮ ಬೈಕಿನ ಸರ್ವೀಸ್ ಮ್ಯಾನುಯಲ್ ಹೇಳುವಷ್ಟೇ ಬಿಗಿಗೆ ಟಾರ್ಕ್ ರೆಂಚ್‌ನಲ್ಲಿ ಬಿಗಿ ಮಾಡಿ. ಬೇರೆ ಬೈಕಿನ ಅಂಕಿ ಬೇಡ, ನೆಟ್‌ನಲ್ಲಿ ಯಾರೋ ಹೇಳಿದ್ದೂ ಬೇಡ.

ಹೊಸ ಡಿಸ್ಕ್ ಮೇಲೆ ತುಕ್ಕು ಹಿಡಿಯದಿರಲಿ ಅಂತ ಎಣ್ಣೆ ಸವರಿರುತ್ತಾರೆ. ಬ್ರೇಕ್ ಕ್ಲೀನರ್‌ನಲ್ಲಿ ಒರೆಸಿ. ಜೊತೆಗೆ ಪ್ಯಾಡೂ ಹೊಸದೇ ಇರಲಿ. ಹೊಸ ಪ್ಯಾಡ್‌ಗೆ ಜಾಗ ಮಾಡಲು ಪಿಸ್ಟನ್ ಹಿಂದಕ್ಕೆ ತಳ್ಳುವಾಗ ಮೇಲಿನ ಡಬ್ಬಿ ತುಂಬಿ ಚೆಲ್ಲದಂತೆ ಒಂದು ಕಣ್ಣಿಡಿ, ಆ ಆಯಿಲ್ ಪೇಂಟ್ ತಿನ್ನುತ್ತದೆ. ಚಕ್ರ, ಕ್ಯಾಲಿಪರ್ ಎಲ್ಲ ಜೋಡಿಸಿ ಬಿಗಿ ಮಾಡಿದ ಮೇಲೆ ಬೈಕ್ ಹತ್ತುವ ಮುಂಚೆ ಲಿವರ್ ಗಟ್ಟಿಯಾಗುವವರೆಗೆ ಪಂಪ್ ಮಾಡಿ. ಇದನ್ನು ಮರೆತರೆ ಮೊದಲ ಸಲ ಬ್ರೇಕ್ ಹಿಡಿದಾಗ ಏನೂ ಆಗುವುದಿಲ್ಲ, ಅಂದರೆ ಬೈಕು ನಿಲ್ಲುವುದೂ ಇಲ್ಲ! ಮೊದಲು ಗೇಟಿನೊಳಗೇ ನಡಿಗೆಯ ವೇಗದಲ್ಲಿ ನೋಡಿ. ಆಮೇಲೆ ಖಾಲಿ ರಸ್ತೆಯಲ್ಲಿ ಇಪ್ಪತ್ತು ಮೂವತ್ತು ಸಲ ಮೆತ್ತಗೆ ಹಿಡಿದು ಬಿಟ್ಟು ಪ್ಯಾಡೂ ಡಿಸ್ಕೂ ಒಂದಕ್ಕೊಂದು ಹೊಂದಿಕೊಳ್ಳಲು ಬಿಡಿ. ಅಲ್ಲಿಯವರೆಗೆ ಪೂರ್ತಿ ಹಿಡಿತ ಸಿಗುವುದಿಲ್ಲ. ಅಷ್ಟೇ.

ಈಗ ಹೊರಗೆ ಏನಾಗುತ್ತದೆ ನೋಡೋಣ. ಒಳ್ಳೆಯ ಮೆಕ್ಯಾನಿಕ್‌ಗೆ ನಾನು ದೊಡ್ಡ ನಮಸ್ಕಾರ ಹಾಕುವವನು. ಆದರೆ ಶನಿವಾರ ಇಪ್ಪತ್ತು ಬೈಕು ಸಾಲಾಗಿ ನಿಂತಾಗ ನಿಮ್ಮ ಹಬ್ಬಿನ ಮುಖ ಉಜ್ಜುತ್ತಾ ಕೂರಲು ಅವನಿಗೆ ಪುರುಸೊತ್ತಾದರೂ ಎಲ್ಲಿದೆ? ಟಾರ್ಕ್ ರೆಂಚ್ ಗೋಡೆಯ ಮೇಲೆ ಅಲಂಕಾರಕ್ಕೆ ನೇತಾಡುತ್ತಿರುತ್ತದೆ, ಬೋಲ್ಟ್ ಮಾತ್ರ "ಕೈ ಅಂದಾಜಿಗೆ" ಬಿಗಿಯಾಗುತ್ತದೆ. ಒಮ್ಮೆ ಬೈಕನ್ನು ಒಂದು ಸರ್ವೀಸ್ ಸೆಂಟರಿಗೆ ಬಿಡುವಾಗ ಕ್ಯಾಲಿಪರ್ ಬೋಲ್ಟಿನ ಮೇಲೆ ಅಡ್ಡಲಾಗಿ ನೈಲ್ ಪಾಲಿಶ್‌ನ ಒಂದು ಗೆರೆ ಎಳೆದಿದ್ದೆ. ಸಂಜೆ ವಾಪಸ್ ಬಂದಾಗ ಗೆರೆ ಒಂದು ಕೂದಲೆಳೆಯಷ್ಟೂ ಅಲುಗಿರಲಿಲ್ಲ. ಬಿಲ್ಲಿನಲ್ಲಿ ಮಾತ್ರ "ಬ್ರೇಕ್ ಕ್ಲೀನಿಂಗ್" ಅಂತ ಅಚ್ಚುಕಟ್ಟಾಗಿ ಹಣ ಸೇರಿತ್ತು! ಹೆಸರು ಹೇಳಲ್ಲ, ಹೇಳಿ ಪ್ರಯೋಜನವೂ ಇಲ್ಲ. ನಿಮ್ಮೂರಲ್ಲೂ ಒಂದು ಗೆರೆ ಎಳೆದು ನೋಡಿ.

ಇನ್ನೊಂದು ಚಾಳಿ ಲೇತ್‌ಗೆ ಕೊಡುವುದು. "ಹೊಸದು ಯಾಕೆ ಸಾರ್, ಫೇಸಿಂಗ್ ಮಾಡಿಸಿದ್ರೆ ಆಯ್ತು." ಮೊದಲೇ ನಾಲ್ಕು ಮಿಲಿಮೀಟರಿನ ತಟ್ಟೆ, ಅದರಲ್ಲಿ ಸವೆಯಲು ಬಿಟ್ಟಿರುವುದೇ ಅರ್ಧ ಮಿಲಿಮೀಟರ್. ಅದನ್ನೂ ಲೇತ್‌ನಲ್ಲಿ ಕೆರೆಸಿದರೆ ಉಳಿಯುವುದೇನು? ಕನ್ನಡಿಯ ಹಾಗೆ ಹೊಳೆಯುತ್ತದೆ ನಿಜ. ಆದರೆ ಹೊಳಪು ಶಾಖ ಹೀರುವುದಿಲ್ಲ, ಲೋಹ ಹೀರುತ್ತದೆ. ಇನ್ನು ವಾಟರ್ ವಾಶ್ ಅಂಗಡಿಗಳಲ್ಲಿ ತೊಳೆದಾದ ಮೇಲೆ ಡೀಸೆಲ್ ಹೊಡೆಯುತ್ತಾರಲ್ಲ, ಅದರ ಹನಿ ಡಿಸ್ಕ್ ಮೇಲೂ ಕೂರುತ್ತದೆ. ಆಯುಧಪೂಜೆಯ ದಿನ ಬೈಕಿಗೆ ಅರಿಶಿನ ಕುಂಕುಮ ಹಚ್ಚಿ, ಚಕ್ರದಡಿ ನಿಂಬೆಹಣ್ಣು ಇಟ್ಟು, ದೇವರೇ ಕಾಪಾಡಪ್ಪಾ ಅಂತೀವಿ. ಪೂಜೆಗೆ ನನ್ನ ತಕರಾರಿಲ್ಲ, ನಮ್ಮನೆಯಲ್ಲೂ ಮಾಡ್ತೀವಿ. ಆದರೆ ಪೂಜೆಗೆ ಮುಂಚೆ ಐದು ನಿಮಿಷ ಡಿಸ್ಕಿನ ದಪ್ಪ ನೋಡಿದರೆ ದೇವರೇನು ಬೇಜಾರು ಮಾಡಿಕೊಳ್ಳುತ್ತಾನಾ?

"ಕಾನೂನು ಬಿಡುತ್ತಾ?" ಅಂತ ಕೆಲವರು ಕೇಳುತ್ತಾರೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಹೇಳುವುದು ವಾಹನವನ್ನು ಮಾರ್ಪಾಡು ಮಾಡುವ ಬಗ್ಗೆ. ಸವೆದ ಭಾಗ ತೆಗೆದು ಅದೇ ಅಳತೆಯ, ಅದೇ ಬಗೆಯ ಭಾಗ ಹಾಕುವುದು ಮಾರ್ಪಾಡಲ್ಲ. ವಾರಂಟಿಯೊಳಗಿನ ಬೈಕಾದರೆ ಅದರ ಷರತ್ತು ಓದಿಕೊಳ್ಳಿ, ಅದು ಬೇರೆ ಮಾತು.

ನಿಜವಾದ ಅಡ್ಡಿ ಕಾನೂನಲ್ಲ, ಕೈ ಕೊಳೆಯಾಗುವ ಭಯ. ಓದಿದವರು ಸ್ಪ್ಯಾನರ್ ಹಿಡಿದರೆ ಮರ್ಯಾದೆ ಕಡಿಮೆ ಅನ್ನೋ ರೋಗ ನಮಗೆ ಹಳೆಯದು. ಲಕ್ಷಗಟ್ಟಲೆ ಕೊಟ್ಟು ಬೈಕ್ ಕೊಳ್ಳುತ್ತೇವೆ, ಮೈಲೇಜ್ ಬಗ್ಗೆ ಗಂಟೆಗಟ್ಟಲೆ ಹರಟುತ್ತೇವೆ, ಒಂದು ಟಾರ್ಕ್ ರೆಂಚ್ ಕೊಳ್ಳು ಅಂದರೆ ಮುಖ ಸಿಂಡರಿಸುತ್ತೇವೆ. ಕಂಪನಿಗಳಿಗೂ ಇದೇ ಬೇಕು. ಬೈಕಿನ ಜೊತೆ ಕೊಡುವ ಪುಸ್ತಕದಲ್ಲಿ ಹಾರ್ನ್ ಎಲ್ಲಿದೆ ಅಂತ ಚಿತ್ರ ಸಮೇತ ಇರುತ್ತದೆ. ಡಿಸ್ಕ್ ಬೋಲ್ಟಿನ ಬಿಗಿ ಎಷ್ಟು ಅಂತ ಹುಡುಕಿದರೆ "ಡೀಲರನ್ನು ಸಂಪರ್ಕಿಸಿ" ಅಂತ ಬರೆದಿರುತ್ತದೆ. ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರ್‌ನಲ್ಲಿ ರಿಪೇರಿ ಹಕ್ಕಿನ ಪೋರ್ಟಲ್ ಶುರು ಮಾಡಿತು, ಅದರ ವ್ಯಾಪ್ತಿಯಲ್ಲಿ ವಾಹನಗಳೂ ಇವೆ. ಒಳ್ಳೆಯದೇ. ಆದರೆ ಹಕ್ಕು ಅನ್ನೋದು ಕಾಗದದಲ್ಲಿದ್ದರೆ ಸಾಲದು, ಪೂರ್ತಿ ಸರ್ವೀಸ್ ಮ್ಯಾನುಯಲ್ ಕೊಂಡವನ ಕೈಗೆ ಸಿಗಬೇಕು, ಕನ್ನಡದಲ್ಲಿ ಸಿಕ್ಕರೆ ಇನ್ನೂ ಒಳ್ಳೆಯದು.

ಎಲ್ಲರೂ ಮನೆಯಲ್ಲೇ ಮಾಡಲೇಬೇಕು ಅಂತ ನಾನು ಹೇಳ್ತಿಲ್ಲ. ಟಾರ್ಕ್ ರೆಂಚ್ ಇಲ್ಲ, ಮ್ಯಾನುಯಲ್ ಇಲ್ಲ, ಅರ್ಧ ದಿನದ ವ್ಯವಧಾನವೂ ಇಲ್ಲ ಅನ್ನುವವರು ದಯವಿಟ್ಟು ಕೈ ಹಾಕಬೇಡಿ. ಆದರೆ ಅಂಥವರೂ ಮೂರು ಕೆಲಸ ಮಾಡಬಹುದು. ಡಿಸ್ಕಿನ ದಪ್ಪ ಎಷ್ಟು ಬಂತು ಅಂತ ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಬಿಚ್ಚಿದ ಹಳೆ ಡಿಸ್ಕ್ ವಾಪಸ್ ಕೇಳಿ, ಅದು ನಿಮ್ಮದೇ ಸೊತ್ತು. ಬೋಲ್ಟ್ ಬಿಗಿ ಮಾಡುವಾಗ ಪಕ್ಕದಲ್ಲಿ ನಿಂತು ನೋಡಿ. "ಕಸ್ಟಮರ್ ಒಳಗೆ ಬರಂಗಿಲ್ಲ" ಅಂತ ಬೋರ್ಡ್ ತೋರಿಸಿದರೆ ಬೈಕು ತಿರುಗಿಸಿ ಬೇರೆ ಅಂಗಡಿಗೆ ಹೋಗಿ. ಆ ಅಂಗಡಿಯವರು ಯಾರೂ ಚಾರ್ಮಾಡಿ ಇಳಿಯುವಾಗ ನಿಮ್ಮ ಹಿಂದಿನ ಸೀಟಿನಲ್ಲಿ ಕೂರುವುದಿಲ್ಲ. ಅಲ್ಲಿ ಕೂರುವವರು ನಿಮ್ಮ ಹೆಂಡತಿ, ಮಗು, ಗೆಳೆಯ. ಏನಂತೀರಿ?