ಕೋಬಾಲ್ ಮುಟ್ಟಲ್ಲ ಅನ್ನೋರ ಬಗ್ಗೆ

ಗೆಳೆಯರೇ, ಸಾಫ್ಟ್‌ವೇರ್ ಕೆಲಸದಲ್ಲಿ ಹತ್ತು ಹದಿನೈದು ವರ್ಷ ಪಳಗಿದವರನ್ನು ಕೇಳಿ ನೋಡಿ. ಎಲ್ಲರ ಹತ್ರಾನೂ ಒಂದು "ಮುಟ್ಟಲ್ಲ" ಪಟ್ಟಿ ಇರುತ್ತೆ. ಪಿಎಚ್‌ಪಿ ಮುಟ್ಟಲ್ಲ, ಪರ್ಲ್ ಮುಟ್ಟಲ್ಲ, ವಿಷುಯಲ್ ಬೇಸಿಕ್ ಬೇಡವೇ ಬೇಡ. ಕೋಬಾಲ್ ಅಂದ್ರೆ ಮೂಗು ಮುಚ್ಚಿಕೊಳ್ತಾರೆ. ನಾನು ಬಿಎ ಓದಿ ಗುಮಾಸ್ತನಾದವನು, ಒಂದು ಸಾಲು ಕೋಡ್ ಬರೆದವನಲ್ಲ. ಇವನಿಗ್ಯಾಕೆ ಈ ಉಸಾಬರಿ ಅಂತ ಕೇಳಬಹುದು. "ಮುಟ್ಟಲ್ಲ" ಅನ್ನೋ ಮಾತು ಕಿವಿಗೆ ಬಿದ್ರೆ ಯಾಕೆ, ಯಾರನ್ನ ಅಂತ ವಿಚಾರಿಸೋ ಅಭ್ಯಾಸ ನಮ್ಮೋರಿಗೆ ತಲೆತಲಾಂತರದಿಂದ ಬಂದಿದೆ, ಅಷ್ಟೇ.

ಕೋಬಾಲನ್ನೇ ತಗೊಳ್ತೀನಿ, ಯಾಕಂದ್ರೆ ಅದು ನನ್ನಂಥ ಗುಮಾಸ್ತರ ಕೆಲಸಕ್ಕೆ ಅಂತಲೇ ಹುಟ್ಟಿದ ಭಾಷೆ. 1959ರಲ್ಲಿ ಅಮೆರಿಕದ ರಕ್ಷಣಾ ಇಲಾಖೆಯ ಬೆಂಬಲದಿಂದ ಒಂದು ಸಮಿತಿ ಇದನ್ನು ರೂಪಿಸೋಕೆ ಕೂತಿತು. ಸಂಬಳದ ಬಿಲ್ಲು, ಬ್ಯಾಂಕ್ ಲೆಡ್ಜರು, ವಿಮೆ, ಪಿಂಚಣಿ, ಇಂಥ ಲೆಕ್ಕಗಳಿಗೆ. ಜೀನ್ ಸ್ಯಾಮೆಟ್ ಅವರಂಥ ಹೆಣ್ಣುಮಕ್ಕಳು ಅದರಲ್ಲಿ ಕೆಲಸ ಮಾಡಿದ್ದಾರೆ. ಗ್ರೇಸ್ ಹಾಪರ್ ಮೊದಲೇ ಮಾಡಿದ್ದ ಫ್ಲೋ-ಮ್ಯಾಟಿಕ್ ಭಾಷೆ ಇದಕ್ಕೆ ದೊಡ್ಡ ಆಧಾರ. ಗಣಿತದ ಚಿಹ್ನೆಗಳ ಬದಲು "ಇದನ್ನು ಅದಕ್ಕೆ ಕೂಡು" ಅಂತ ಸಾದಾ ಇಂಗ್ಲಿಷ್ ಪದಗಳಲ್ಲಿ ಬರೀಬಹುದು. ಲೆಕ್ಕಪತ್ರ ಗೊತ್ತಿರೋನು ಓದಿದ್ರೂ ತಿಳೀಬೇಕು ಅನ್ನೋದು ಉದ್ದೇಶ.

ಪಂಡಿತರಿಗೆ ಇದು ಹಿಡಿಸಲಿಲ್ಲ. 1972ರ ಟ್ಯೂರಿಂಗ್ ಪ್ರಶಸ್ತಿ ಪಡೆದ ಡೈಕ್‌ಸ್ಟ್ರಾ 1975ರಲ್ಲಿ ಬರೆದ ಒಂದು ಟಿಪ್ಪಣಿಯಲ್ಲಿ, ಕೋಬಾಲ್ ಬಳಸಿದರೆ ಬುದ್ಧಿ ಊನವಾಗುತ್ತೆ, ಅದನ್ನು ಕಲಿಸೋದನ್ನ ಅಪರಾಧ ಅಂತ ಪರಿಗಣಿಸಬೇಕು ಅನ್ನೋ ಅರ್ಥದ ಮಾತು ಹೇಳಿದ್ರು. ಗಮನಿಸಿ. ಭಾಷೆಯಲ್ಲಿ ದೋಷ ಇದೆ ಅಂದಿದ್ರೆ ಒಪ್ಪೋಣ, ದೋಷ ಇದ್ದೇ ಇದೆ, ಉದ್ದುದ್ದ ಬರೀಬೇಕು, ಹಳೇ ಪ್ರೋಗ್ರಾಂಗಳು ಗೋಜಲು. ಆದ್ರೆ ಇಲ್ಲಿ ಮುಟ್ಟಿದವನ ಬುದ್ಧಿಯೇ ಕೆಡುತ್ತೆ ಅಂತಿದ್ದಾರೆ. ಮೈಲಿಗೆ ಅಂದ್ರೆ ಇನ್ನೇನು ಸ್ವಾಮಿ?

ಇದರ ಫಲ ಯಾರು ಉಂಡ್ರು ನೋಡಿ. 2020ರ ಏಪ್ರಿಲ್, ಕೋವಿಡ್ ಕಾಲ. ಅಮೆರಿಕದಲ್ಲಿ ಕೆಲಸ ಕಳಕೊಂಡವರು ನಿರುದ್ಯೋಗ ಭತ್ಯೆಗೆ ಲಕ್ಷಗಟ್ಟಲೆ ಅರ್ಜಿ ಹಾಕಿದ್ರು, ವ್ಯವಸ್ಥೆ ಕೈಕೊಟ್ಟಿತು. ನ್ಯೂಜೆರ್ಸಿ ಗವರ್ನರ್ ಫಿಲ್ ಮರ್ಫಿ ಪತ್ರಿಕಾಗೋಷ್ಠಿಯಲ್ಲೇ ಕೋಬಾಲ್ ಬಲ್ಲ ಸ್ವಯಂಸೇವಕರು ಬೇಕು ಅಂದ್ರು. ಸ್ವಯಂಸೇವಕರು! ವರ್ಷಗಟ್ಟಲೆ ಯಾರೂ ಕಲೀಬೇಡಿ ಅಂತ ಹೀಯಾಳಿಸಿ, ಹೊತ್ತು ಬಂದಾಗ ಬಿಟ್ಟಿ ಬಂದು ಮಾಡಿಕೊಡಿ ಅನ್ನೋದು. ಪತ್ರಿಕೆಗಳು, ಟಿವಿಯವರು ಈ ಮುದಿ ಭಾಷೆಯಿಂದಲೇ ಎಲ್ಲ ಹಾಳಾಯ್ತು ಅಂತ ಬೈದ್ರು. ಆಮೇಲೆ ತಂತ್ರಜ್ಞಾನದ ಇತಿಹಾಸ ಬರೆಯೋ ಮಾರ್ ಹಿಕ್ಸ್ ಹುಡುಕಿ ನೋಡಿದಾಗ ಬೇರೆ ಕತೆ ಸಿಕ್ತು. ಕುಸಿದಿದ್ದು ಜನ ಅರ್ಜಿ ತುಂಬೋ ವೆಬ್‌ಸೈಟು, ಅದು ಜಾವಾದಲ್ಲಿ ಬರೆದದ್ದು. ಹಿಂದೆ ಲೆಕ್ಕ ಹಾಕ್ತಿದ್ದ ಕೋಬಾಲ್ ತನ್ನ ಪಾಡಿಗೆ ತಾನು ದುಡೀತಾ ಇತ್ತು. ಅದನ್ನ ನೋಡಿಕೊಳ್ತಿದ್ದ ಅನುಭವಸ್ಥರನ್ನು ದುಡ್ಡು ಉಳಿಸೋಕೆ ಕೈಬಿಟ್ಟಿದ್ದೂ ಕಾರಣ ಅಂತಾರೆ ಹಿಕ್ಸ್. ತಪ್ಪು ಮೇಲಿನೋರದ್ದು, ಬೈಗುಳ ಕೆಳಗಿನೋರಿಗೆ. ಆಫೀಸಲ್ಲಿ ಫೈಲು ಹೊತ್ತವರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ.

ಬೆಂಗಳೂರಿಗೂ ಇದರ ಋಣ ಇದೆ. ಹಳೇ ಪ್ರೋಗ್ರಾಂಗಳಲ್ಲಿ ಜಾಗ ಉಳಿಸೋಕೆ ವರ್ಷಕ್ಕೆ ಎರಡೇ ಅಂಕಿ ಇಟ್ಟಿದ್ರು, 2000 ಬಂದ್ರೆ 1900 ಅಂತ ತಿಳಿಯೋ ಅಪಾಯ. 1990ರ ದಶಕದ ಕೊನೇಲಿ ಆ ಕೋಡನ್ನು ಸಾಲುಸಾಲಾಗಿ ಓದಿ ಸರಿಮಾಡೋ ಬೇಸರದ ಕೆಲಸ ದೊಡ್ಡ ಪಾಲು ಭಾರತಕ್ಕೆ ಬಂತು. ನಮ್ಮ ಐಟಿ ಕಂಪನಿಗಳು ಬೆಳೆಯೋಕೆ ಅದು ದೊಡ್ಡ ಮೆಟ್ಟಿಲಾಯ್ತು. ಅದೇ ಮೆಟ್ಟಿಲು ಹತ್ತಿದವರಲ್ಲಿ ಕೆಲವರು ಈಗ ಕೋಬಾಲಾ, ಛೀ ಅಂತಾರೆ. ಪಿಎಚ್‌ಪಿ ಕತೇನೂ ಇಷ್ಟೇ. ನಾನು ಇದನ್ನ ಹಾಕ್ತಿರೋ ಫೇಸ್‌ಬುಕ್ ಶುರುವಾಗಿದ್ದು ಅದರಲ್ಲಿ, ಕನ್ನಡ ವಿಕಿಪೀಡಿಯ ಇವತ್ತಿಗೂ ನಡೀತಿರೋದು ಅದರಲ್ಲಿ.

ಹಾಗಂತ ಯಾವುದನ್ನೂ ನಿರಾಕರಿಸಬಾರದು ಅಂತ ನಾನು ಹೇಳ್ತಿಲ್ಲ. ಯೂನಿಕೋಡ್ ಅಲ್ಲದ ಹಳೇ ಕನ್ನಡ ಫಾಂಟುಗಳನ್ನ ಬೇಡ ಅನ್ನೋರ ಜೊತೆ ನಾನಿದ್ದೀನಿ. ಅದರಲ್ಲಿ ಟೈಪ್ ಮಾಡಿದ ಸುತ್ತೋಲೆ ಬೇರೆ ಕಂಪ್ಯೂಟರ್‌ನಲ್ಲಿ ತೆಗೆದ್ರೆ ಕಲಸುಮೇಲೋಗರ. ಗೂಗಲ್‌ನಲ್ಲಿ ಹುಡುಕಿದ್ರೆ ಸಿಗಲ್ಲ. ಹಳ್ಳಿಯೋನು ಮೊಬೈಲಲ್ಲಿ ಓದೋಕಾಗಲ್ಲ. ಇಲ್ಲಿ ಬೇಡ ಅನ್ನೋದಕ್ಕೆ ಜನರ ಕಡೆಯಿಂದ ಕಾರಣ ಇದೆ.

ಇನ್ನೂ ದೊಡ್ಡ ನಿರಾಕರಣೆಗಳೂ ನಡೆದಿವೆ. 2018ರಲ್ಲಿ ಜಾಯ್ ಬುಲಾಮ್ವಿನಿ ಮತ್ತು ಟಿಮ್ನಿಟ್ ಗೆಬ್ರು ಅನ್ನೋ ಇಬ್ಬರು ಕಪ್ಪು ಹೆಣ್ಣುಮಕ್ಕಳು, ಮುಖ ನೋಡಿ ಗಂಡೋ ಹೆಣ್ಣೋ ಹೇಳೋ ಮೂರು ಕಂಪನಿಗಳ ಸಾಫ್ಟ್‌ವೇರನ್ನು ಪರೀಕ್ಷೆ ಮಾಡಿದ್ರು. ಬಿಳಿ ಬಣ್ಣದ ಗಂಡಸರ ವಿಷಯದಲ್ಲಿ ತಪ್ಪು ಶೇ. 1ಕ್ಕೂ ಕಡಿಮೆ. ಕಪ್ಪು ಬಣ್ಣದ ಹೆಂಗಸರ ವಿಷಯದಲ್ಲಿ ಶೇ. 34.7ರವರೆಗೆ. ಅದರಲ್ಲಿ ಐಬಿಎಂ ಒಂದು. ಎರಡು ವರ್ಷ ಬಿಟ್ಟು, ಜಾರ್ಜ್ ಫ್ಲಾಯ್ಡ್ ಕೊಲೆಯ ಹೋರಾಟದ ಬಿಸಿಯಲ್ಲಿ, ಐಬಿಎಂ ಸಾಮಾನ್ಯ ಬಳಕೆಯ ಮುಖ ಗುರುತಿಸೋ ಸಾಫ್ಟ್‌ವೇರ್ ಮಾರಲ್ಲ ಅಂತ ಘೋಷಿಸಿತು. 2018ರಲ್ಲೇ ಗೂಗಲ್‌ನ ಸಾವಿರಾರು ನೌಕರರು, ಡ್ರೋನ್ ಚಿತ್ರ ವಿಶ್ಲೇಷಿಸೋ ಸೇನೆಯ ಮೇವನ್ ಯೋಜನೆ ಬೇಡ ಅಂತ ಸಹಿ ಹಾಕಿದ್ರು, ಕೆಲವರು ಕೆಲಸಾನೇ ಬಿಟ್ರು. ಕಂಪನಿ ಒಪ್ಪಂದ ಮುಂದುವರಿಸಲಿಲ್ಲ, ಆಯುಧಕ್ಕೆ ಎಐ ಮಾಡಲ್ಲ ಅಂತ ಬರೆದೂ ಕೊಟ್ಟಿತು. 2025ರ ಫೆಬ್ರವರಿಯಲ್ಲಿ ಆ ಮಾತನ್ನ ಸದ್ದಿಲ್ಲದೆ ತೆಗೆದುಹಾಕಿತು. ಸಂಘಟನೆ ಸಡಿಲವಾದ್ರೆ ಮಾಲೀಕರ ಮಾತು ಎಷ್ಟು ದಿನ ನಿಲ್ಲುತ್ತೆ ಅಂತ ನಮಗೇನು ಹೊಸದಾ?

ಈಗ ನಮ್ಮೂರಿಗೆ ಬನ್ನಿ. ಅಂಗನವಾಡಿಯ ಪೋಷಣ್ ಟ್ರ್ಯಾಕರ್ ಆಪ್‌ನಲ್ಲಿ ಗರ್ಭಿಣಿ, ಬಾಣಂತಿಯರ ಮುಖ ಸ್ಕ್ಯಾನ್ ಮಾಡಿ ಹೊಂದಿಕೆಯಾದ ಮೇಲೆ ಮನೆಗೆ ಪೌಷ್ಟಿಕ ಆಹಾರ ಕೊಡೋ ಪದ್ಧತಿ ತಂದಿದ್ದಾರೆ. ನೆಟ್‌ವರ್ಕ್ ಸಿಗಲ್ಲ, ಮುಖ ಹೊಂದಲ್ಲ, ಆಪ್ ತಪ್ಪಿಗೆ ನಾವು ಬೈಸಿಕೊಳ್ಬೇಕು ಅಂತ ಕಾರ್ಯಕರ್ತೆಯರು ಪ್ರತಿಭಟನೆ ಮಾಡ್ತಿದ್ದಾರೆ. ಆ ಅಕ್ಕನಿಗೆ "ಈ ಟೆಕ್ನಾಲಜಿ ನಾನು ಮುಟ್ಟಲ್ಲ" ಅನ್ನೋ ಸೌಲಭ್ಯ ಇಲ್ಲ. ಅಂದ್ರೆ ಗೌರವಧನಕ್ಕೇ ಕುತ್ತು. ಬಾಣಂತಿಗಂತೂ ಕೇಳೋರೇ ಇಲ್ಲ.

ಐಟಿಯಲ್ಲಿರೋ ನಮ್ಮ ಹುಡುಗ ಹುಡುಗೀರು ಈ ಪೇಜಲ್ಲಿ ತುಂಬಾ ಜನ ಇದ್ದೀರಿ. ಅಪ್ಪ ಅಮ್ಮ ಕೂಲಿ ಮಾಡಿ ಓದಿಸಿದವರು. ಈಗಷ್ಟೇ ಸೇರಿದವರಿಗೆ ಕೆಲಸ ಬೇಡ ಅನ್ನಿ ಅಂತ ಹೇಳೋಷ್ಟು ಬುದ್ಧಿಗೇಡಿ ನಾನಲ್ಲ. ಸೀನಿಯರ್ ಆದವರನ್ನ ಕೇಳ್ತೀನಿ. ನಿಮ್ಮ ಪಟ್ಟಿಯಲ್ಲಿ ಪಿಎಚ್‌ಪಿ, ಕೋಬಾಲ್ ಜೊತೆಗೆ ಬಾಣಂತಿಯ ಊಟ ತಡೆಯೋ ಇಂಥ ಒಂದಾದ್ರೂ ಇದೆಯಾ? ಈ ಮುಖ ಹೊಂದಿಸೋ ಲೆಕ್ಕ ಎಲ್ಲಿ ತಪ್ಪುತ್ತೆ ಅಂತ ಅಂಗನವಾಡಿ ಅಕ್ಕಂದಿರಿಗೆ ಕನ್ನಡದಲ್ಲಿ ತಿಳಿಸಿ ಹೇಳೋರು ಬೇಕಾಗಿದ್ದಾರೆ, ಮನವಿ ಪತ್ರ ಬರೆಯೋಕೆ ನಾನಿದ್ದೀನಿ. ಆಗುತ್ತೆ ಅನ್ನೋರು ಇನ್‌ಬಾಕ್ಸ್ ಮಾಡಿ.

ಜೈ ಭೀಮ್