ಎರಡನೆಯ ತುದಿಯ ಬೌಲರು

ನಮ್ಮ ಮೈಸೂರಿನ ಉದಯಗಿರಿಯಲ್ಲಿ ಚೆಂಡಾಡುವ ಹುಡುಗರನ್ನು ನಾಡಿನ ಹಿರಿಯ ಕ್ರಿಕೆಟ್ ಆಟಗಾರರು ಯಾರೆಂದು ವಿಚಾರಿಸಿದರೆ, ಬೆಂಗಳೂರಿನ ದ್ರಾವಿಡರೂ ಕುಂಬ್ಳೆಯವರೂ ಮೊದಲು ಬರುವರು. ಇದೇ ಊರಿನಲ್ಲಿ 1969ರಲ್ಲಿ ಜನಿಸಿದ ಜಾವಗಲ್ ಶ್ರೀನಾಥರು ಬಹುಶಃ ಆಮೇಲೆ. ಟೆಸ್ಟ್ ಪಂದ್ಯಗಳಲ್ಲಿ ಕುಂಬ್ಳೆಯವರಿಗೆ 619 ವಿಕೆಟ್, ಶ್ರೀನಾಥರಿಗೆ 236. ಈ ಅಂತರವನ್ನು ಅಲ್ಲಗಳೆಯಲಾಗದು. ಆದರೆ ಏಕದಿನ ಪಂದ್ಯಗಳಲ್ಲಿ ಅವರ 337ಕ್ಕೆ ಇವರ 315 ಬಹಳ ಹಿಂದಿಲ್ಲವಷ್ಟೆ.

ವಾಚಕರು 1999ರ ಫೆಬ್ರವರಿಯನ್ನು ಸ್ಮರಿಸಬೇಕು. ದೆಹಲಿಯಲ್ಲಿ ಪಾಕಿಸ್ತಾನದ ಒಂಬತ್ತು ವಿಕೆಟ್ಟುಗಳನ್ನು ಕುಂಬ್ಳೆಯವರೊಬ್ಬರೇ ಕೆಡವಿದ್ದರು. ಹತ್ತನೆಯದೂ ಅವರಿಗೇ ದೊರೆಯಲೆಂದು, ಇನ್ನೊಂದು ತುದಿಯಲ್ಲಿ ಶ್ರೀನಾಥರು ಬೇಕೆಂದೇ ಚೆಂಡನ್ನು ವಿಕೆಟ್ಟಿನಿಂದ ದೂರಕ್ಕೆ ಎಸೆದರು. ಆ ಹತ್ತು ವಿಕೆಟ್ಟುಗಳನ್ನು ಮಕ್ಕಳೂ ಬಲ್ಲರು. ಮಕ್ಕಳಿಗೆ ಆ ಕಥೆ ಹೇಳುವ ಹಿರಿಯರು ಈ ಓವರನ್ನೂ ಸೇರಿಸಿ ಹೇಳಿದರೆ ಲೇಸು. ಕೆಲವೇ ದಿನಗಳ ಮೇಲೆ ಕಲ್ಕತ್ತೆಯಲ್ಲಿ ಅದೇ ಪಾಕಿಸ್ತಾನದೆದುರು ಶ್ರೀನಾಥರು 132 ಓಟಗಳಿಗೆ 13 ವಿಕೆಟ್ ಪಡೆದರು. ಭಾರತವು 46 ಓಟಗಳಿಂದ ಸೋತಿತು. ಸೋತ ಪಂದ್ಯದ ಹದಿಮೂರನ್ನು ಎಣಿಸುವವರಾರು!

2003ರಲ್ಲಿ ಆಟದಿಂದ ನಿವೃತ್ತರಾದ ಮೇಲೆ, 2006ರಲ್ಲಿ ಅವರು ಅಂತರರಾಷ್ಟ್ರೀಯ ಪಂದ್ಯಗಳ ರೆಫರಿಯಾದರು. ಆ ಕುರ್ಚಿಗಂತೂ ಚಪ್ಪಾಳೆಯೇ ಇಲ್ಲ.