ಗೃಹಾರೋಗ್ಯ: ಮೇದೋಜೀರಕದ ಶಸ್ತ್ರಕ್ರಿಯೆಯಾದ ಮೇಲೆ

ದೊಡ್ಡ ಶಸ್ತ್ರಕ್ರಿಯೆಯು ಸುಸೂತ್ರವಾಗಿ ಮುಗಿಯಿತೆಂದು ಕೇಳಿದೊಡನೆ, ಗಂಡಾಂತರ ಕಳೆಯಿತೆಂದು ಮನೆಯವರು ನೆಮ್ಮದಿಗೊಳ್ಳುವುದು ಲೋಕರೂಢಿ. ಮೇದೋಜೀರಕ ಗ್ರಂಥಿಯ ವಿಷಯದಲ್ಲಿ ಮಾತ್ರ ಎಚ್ಚರಿಕೆಯ ಕಾಲವು ಅಲ್ಲಿಂದಲೇ ಮೊದಲಾಗುವುದು. ಅಂಥ ರೋಗಿಯ ಮನೆಯವರು ತಿಳಿದಿರಬೇಕಾದ ಕೆಲವು ಸಂಗತಿಗಳನ್ನು ಈ ತಿಂಗಳು ವಾಚಕರ ಮುಂದಿಡುತ್ತೇವೆ.

ಮೇದೋಜೀರಕವು ಜಠರದ ಹಿಂದೆ ಅಡ್ಡಲಾಗಿರುವ ಮೃದುವಾದ ಗ್ರಂಥಿ. ಉಂಡ ಅನ್ನ, ಬೇಳೆ, ತುಪ್ಪಗಳನ್ನು ಕರಗಿಸುವ ರಸವನ್ನು ಕರುಳಿಗೂ, ಸಕ್ಕರೆಯನ್ನು ಹತೋಟಿಯಲ್ಲಿಡುವ ಇನ್ಸುಲಿನ್ನನ್ನು ರಕ್ತಕ್ಕೂ ಒದಗಿಸುವುದು ಇದರ ಕೆಲಸ. ಇದರ ತಲೆಯ ಭಾಗದಲ್ಲಿ ಕ್ಯಾನ್ಸರ್ ಗಂಟು ಬೆಳೆದಾಗ, ಆ ಭಾಗವನ್ನೂ ಸಣ್ಣ ಕರುಳಿನ ಮೊದಲ ತುಂಡನ್ನೂ ಪಿತ್ತಕೋಶವನ್ನೂ ತೆಗೆದು, ಉಳಿದ ಗ್ರಂಥಿ, ಪಿತ್ತನಾಳ, ಜಠರಗಳನ್ನು ಕರುಳಿಗೆ ಮರಳಿ ಹೊಲಿಯುವರು. ಬರ್ಲಿನ್ನಿನ ವಾಲ್ಟರ್ ಕೌಶ್ ಎಂಬವರು ೧೯೦೯ ರಲ್ಲಿ ಇಂಥ ಶಸ್ತ್ರಕ್ರಿಯೆಯನ್ನು ಮಾಡಿದ್ದರು. ನ್ಯೂಯಾರ್ಕಿನ ಅಲೆನ್ ವಿಪ್ಪಲ್ ಅವರು ೧೯೩೫ ರಲ್ಲಿ ತಮ್ಮ ಕ್ರಮವನ್ನು ಪ್ರಕಟಿಸಿದ ಮೇಲೆ ಅದು ಅವರ ಹೆಸರಿನಿಂದಲೇ ಪ್ರಸಿದ್ಧವಾಯಿತು.

ಇದರಲ್ಲಿ ಕಷ್ಟವೆಲ್ಲವೂ ಗ್ರಂಥಿಯನ್ನು ಕರುಳಿಗೆ ಸೇರಿಸಿದ ಹೊಲಿಗೆಯಲ್ಲಿದೆ. ಮೆತ್ತಗಿನ ಗ್ರಂಥಿಯಲ್ಲಿ ದಾರವು ಬಿಗಿಯಾಗಿ ನಿಲ್ಲುವುದು ದುಸ್ತರ. ಅಲ್ಲಿ ಸೋರಿದ ಜೀರ್ಣರಸವು ಅಕ್ಕಪಕ್ಕದ ಅಂಗಗಳನ್ನೇ ಅರಗಿಸಲೆಳಸಿ, ಕೀವುಗಟ್ಟುವುದಕ್ಕೂ, ಕೆಲವೊಮ್ಮೆ ರಕ್ತನಾಳದ ಗೋಡೆ ಸವೆದು ರಕ್ತ ಹರಿಯುವುದಕ್ಕೂ ಕಾರಣವಾಗುವುದು. ಆದುದರಿಂದಲೇ ಹೊಟ್ಟೆಯಲ್ಲಿ ಕೊಳವೆಯನ್ನಿಟ್ಟು, ಹೊರಬರುವ ದ್ರವದಲ್ಲಿ ಅಮೈಲೇಸ್ ಎಂಬ ಪದಾರ್ಥವೆಷ್ಟಿದೆಯೆಂದು ಅಳೆಯುವರು. ಸೋರಿಕೆಯು ನಿಪುಣರ ಕೈಯಲ್ಲಿಯೂ ಆಗತಕ್ಕದ್ದೇ. ಬಹಳ ಸಲ ಅದು ಕೊಳವೆಯ ಮೂಲಕ ಹರಿದು ತಾನಾಗಿ ನಿಲ್ಲುವುದು. ತಡವಾಗಿ ತಿಳಿದ ಸೋರಿಕೆಯೇ ಪ್ರಾಣಕ್ಕೆ ಕುತ್ತು.

ಈ ಮಾತಿಗೆ ಹಾಲೆಂಡಿನಲ್ಲಿ ನಡೆದು ೨೦೨೨ ರಲ್ಲಿ ಪ್ರಕಟವಾದ ಪರೀಕ್ಷೆಯೇ ಸಾಕ್ಷಿ. ಅಲ್ಲಿನ ೧೭ ಆಸ್ಪತ್ರೆಗಳಲ್ಲಿ ೧೭೪೮ ಮಂದಿ ರೋಗಿಗಳನ್ನು ಗಮನಿಸಿದರು. ಹೊಸ ಔಷಧವಿಲ್ಲ, ಹೊಸ ಆಯುಧವಿಲ್ಲ. ಪ್ರತಿದಿನವೂ ರೋಗಿಯ ಸ್ಥಿತಿ, ರಕ್ತ, ಕೊಳವೆಯ ದ್ರವ ಇವುಗಳನ್ನು ನಿಗದಿಯಾದ ಕ್ರಮದಿಂದ ನೋಡಿ, ಸಂಶಯ ಬಂದೊಡನೆ ಸ್ಕ್ಯಾನ್ ಮಾಡಿ, ಬೇಗನೆ ಚಿಕಿತ್ಸೆಗೆ ತೊಡಗಿದರು. ರಕ್ತಸ್ರಾವ, ಅಂಗಗಳ ಸೋಲು, ಮರಣ ಇವುಗಳಲ್ಲೊಂದಕ್ಕೆ ಗುರಿಯಾದವರು ಹಿಂದಿನ ಪದ್ಧತಿಯಲ್ಲಿ ನೂರಕ್ಕೆ ೧೪ ಮಂದಿ. ಹೊಸ ಕ್ರಮದಲ್ಲಿ ೮ ಮಂದಿ. ಎಚ್ಚರವು ಎಂಥ ಮದ್ದೆಂಬುದಕ್ಕೆ ಬೇರೆ ನಿದರ್ಶನ ಬೇಕಿಲ್ಲ.

ಈ ಎಚ್ಚರವು ಆಸ್ಪತ್ರೆಯನ್ನು ಆರಿಸುವಾಗಲೇ ಮೊದಲಾಗಬೇಕು. ಇಂಥ ಶಸ್ತ್ರಕ್ರಿಯೆಗಳನ್ನು ಪದೇ ಪದೇ ಮಾಡುವ ಸ್ಥಳಗಳಲ್ಲಿ ಮರಣವು ಕಡಿಮೆಯೆಂದು ೨೦೦೨ ರಲ್ಲಿ ಅಮೆರಿಕೆಯಲ್ಲಿ ಪ್ರಕಟವಾದ ಲೆಕ್ಕಾಚಾರವು ಸ್ಪಷ್ಟವಾಗಿ ತೋರಿಸಿತು: ಅಪರೂಪಕ್ಕೆ ಮಾಡುವ ಕಡೆ ನೂರಕ್ಕೆ ಸುಮಾರು ೧೬, ಹೆಚ್ಚಾಗಿ ಮಾಡುವ ಕಡೆ ಸುಮಾರು ೪. ವರ್ಷಕ್ಕೆ ಎಷ್ಟು ಮಾಡುವಿರೆಂದು ವಿನಯದಿಂದ ಕೇಳುವುದರಲ್ಲಿ ಸಂಕೋಚವು ಬೇಡ. ರೋಗಿಯಾದವರು ಹೊಗೆಬತ್ತಿ, ಬೀಡಿಗಳನ್ನು ಕನಿಷ್ಠ ನಾಲ್ಕು ವಾರ ಮುಂಚೆಯೇ ಬಿಟ್ಟು, ಪುಷ್ಟಿಯಾಗಿ ಉಂಡು, ದಿನವೂ ನಡೆದಾಡುತ್ತಿರಬೇಕು.

ಆಸ್ಪತ್ರೆಯಲ್ಲಿ ರೋಗಿಯನ್ನು ಏಳಿಸಿ ನಡೆಸಿದರೆ ಮನೆಯವರು ಮರುಗಿ ತಡೆಯಬಾರದು. ಅಲುಗದೆ ಮಲಗಿದರೆ ಎದೆಯಲ್ಲಿ ಕಫವೂ ಕಾಲಿನಲ್ಲಿ ರಕ್ತದ ಹೆಪ್ಪೂ ಕಟ್ಟುವ ಭಯವುಂಟು. ಕೆಲವರಿಗೆ ಜಠರವು ದಿನಗಟ್ಟಲೆ ಕೆಲಸ ಮಾಡದೆ ವಾಂತಿಯಾಗುವುದು. ಆಗ ವೈದ್ಯರು ಮೂಗಿನ ಕೊಳವೆಯಿಂದ ಜಠರವನ್ನು ಬರಿದು ಮಾಡುವರು. ಮನೆಯಿಂದ ತಂದ ಗಂಜಿಯನ್ನು ಒತ್ತಾಯದಿಂದ ಕುಡಿಸಲಾಗದು.

ಮನೆಗೆ ಬಂದ ಮೇಲೆ ಊಟವೇ ಮುಖ್ಯ. ಬರಿಯ ತಿಳಿಗಂಜಿಯಲ್ಲಿ ವಾರಗಟ್ಟಲೆ ಇರಿಸುವುದು ಪಥ್ಯವಲ್ಲ, ಉಪವಾಸ. ದಿನಕ್ಕೆ ಐದಾರು ಸಲ ಸ್ವಲ್ಪ ಸ್ವಲ್ಪವಾಗಿ, ಬೇಳೆ, ಮೊಸರು, ಮೊಟ್ಟೆ ಮೊದಲಾದ ಬಲಕರವಾದ ಆಹಾರವನ್ನು ಕೊಡಬೇಕು. ಮಲವು ಜಿಡ್ಡಾಗಿ ದುರ್ಗಂಧದಿಂದ ಕೂಡಿ ನೀರಿನಲ್ಲಿ ತೇಲಿದರೆ, ಇಲ್ಲವೆ ತೂಕವು ಇಳಿಯುತ್ತ ಹೋದರೆ, ಜೀರ್ಣರಸವು ಸಾಲದೆಂದು ತಿಳಿಯಬೇಕು. ಇದಕ್ಕೆ ವೈದ್ಯರು ಕೊಡುವ ಜೀರ್ಣರಸದ ಗುಳಿಗೆಗಳನ್ನು ಊಟದ ಮೊದಲ ತುತ್ತಿನೊಡನೆಯೂ ನಡುವೆಯೂ ತಣ್ಣೀರಿನಲ್ಲಿ ನುಂಗಬೇಕು. ಉಂಡೆದ್ದ ಮೇಲೆ ನುಂಗಿದರೆ ಗುಣ ಕಡಿಮೆ. ಬಿಸಿ ಹಾಲು ಕಾಫಿಗಳಲ್ಲಿ ಬೆರೆಸಿದರೆ ಶಕ್ತಿ ಕೆಡುವುದು. ಇವು ಹಂದಿಯ ಗ್ರಂಥಿಯಿಂದ ತಯಾರಾಗುವುದರಿಂದ, ಶಾಕಾಹಾರಿಗಳು ಗುಟ್ಟಾಗಿ ಬಿಡುವ ಬದಲು ಮೊದಲೇ ವೈದ್ಯರೊಡನೆ ಮಾತಾಡಿಕೊಳ್ಳುವುದು ಲೇಸು. ರಕ್ತದ ಸಕ್ಕರೆಯನ್ನೂ ಆಗಾಗ ಪರೀಕ್ಷಿಸುತ್ತಿರಬೇಕು. ಗ್ರಂಥಿಯನ್ನು ಪೂರ್ತಿ ತೆಗೆದಿದ್ದರೆ ಜೀವಮಾನವೆಲ್ಲ ಇನ್ಸುಲಿನ್ ಬೇಕಾಗುವುದು. ಗ್ರಂಥಿಯ ಬಾಲದೊಡನೆ ಗುಲ್ಮವನ್ನೂ ತೆಗೆದಿದ್ದಲ್ಲಿ, ವೈದ್ಯರು ಹೇಳಿದ ಲಸಿಕೆಗಳನ್ನು ತಪ್ಪದೆ ಹಾಕಿಸಬೇಕು. ಅಂಥವರಿಗೆ ಎಷ್ಟು ವರ್ಷದ ಮೇಲಾದರೂ ಬಂದ ಜ್ವರವು ಸಾಮಾನ್ಯ ಜ್ವರವಲ್ಲ.

ಕೊನೆಯದಾಗಿ, ಈ ಲಕ್ಷಣಗಳನ್ನು ಒಂದು ಚೀಟಿಯಲ್ಲಿ ಬರೆದು, ಆಸ್ಪತ್ರೆಯ ದೂರವಾಣಿ ಸಂಖ್ಯೆಯೊಡನೆ ಗೋಡೆಗೆ ಅಂಟಿಸಬೇಕೆಂದು ಗೃಹಸ್ಥರಲ್ಲಿ ನಮ್ಮ ಬಿನ್ನಹ: ನಡುಕದೊಡನೆ ಜ್ವರ, ಹೆಚ್ಚುತ್ತಿರುವ ಹೊಟ್ಟೆನೋವು, ಕಣ್ಣು ಹಳದಿಯಾಗುವುದು, ನಿಲ್ಲದ ವಾಂತಿ, ಒಂದೇ ಕಾಲಿನ ಬಾವು ಅಥವಾ ಏದುಸಿರು, ಗಾಯದಲ್ಲಿ ಕೀವು, ಕೊಳವೆಯಲ್ಲಾಗಲಿ ವಾಂತಿಯಲ್ಲಾಗಲಿ ರಕ್ತ, ಡಾಂಬರಿನಂತೆ ಕಪ್ಪಾದ ಮಲ. ಇವುಗಳಲ್ಲಿ ರಕ್ತವು ಅಲ್ಪವಾಗಿ ಕಂಡು ತಾನೇ ನಿಂತರೂ ಉದಾಸೀನ ಸಲ್ಲದು. ಕೆಲವು ಗಂಟೆಗಳಲ್ಲೋ ದಿನಗಳಲ್ಲೋ ಬರಲಿರುವ ಭಾರಿ ರಕ್ತಸ್ರಾವಕ್ಕೆ ಅದೇ ಮುನ್ಸೂಚನೆಯಾಗಿರಬಹುದು; ಆ ನಡುವಣ ಅವಕಾಶದಲ್ಲಿ ಸವೆದ ರಕ್ತನಾಳವನ್ನು ಮುಚ್ಚಿ ಪ್ರಾಣವುಳಿಸುವ ಉಪಾಯವುಂಟು. ಬೆಳಗಾಗಲಿ ನೋಡೋಣವೆಂದು ಕುಳಿತುಕೊಳ್ಳದೆ, ಆ ರಾತ್ರಿಯೇ ಶಸ್ತ್ರಕ್ರಿಯೆ ಮಾಡಿದ ಆಸ್ಪತ್ರೆಗೆ ತಿಳಿಸಿ ಹೊರಡಬೇಕು. ಅದು ದೂರವಾದರೆ ಹತ್ತಿರದ ದೊಡ್ಡ ಆಸ್ಪತ್ರೆಗಾದರೂ ಕೂಡಲೆ ಸೇರಿಸಬೇಕು.